ಚೆಕ್ ಬೌನ್ಸ್ ರಾಜಿ: ದಂಡ ಇಳಿಯಿತು, ಬಡ್ಡಿಯ ಪ್ರಶ್ನೆ ಉಳಿಯಿತು

ವಿಜಯವಾಡ, ವಿಶಾಖಪಟ್ಟಣದ ಕನ್ನಡಿಗ ವರ್ತಕರು ತಿಳಿದಿರಬೇಕಾದ ಸಂಗತಿಗಳು

ವಿಜಯವಾಡದ ಒನ್‌ಟೌನ್‌ನ ಸಗಟು ಅಂಗಡಿಯಿಂದ ವಿಶಾಖಪಟ್ಟಣದ ಹೋಟೆಲಿಗೆ ಸರಕು ಹೋಗುತ್ತದೆ. ಹಣ ಕೂಡಲೇ ಬರುವುದಿಲ್ಲ, ಮುಂದಿನ ತಾರೀಕು ಹಾಕಿದ ಚೆಕ್ ಬರುತ್ತದೆ. ಕೊಟ್ಟವರೂ ಪಡೆದವರೂ ಒಂದೇ ಊರಿನ ಕಡೆಯವರಾಗಿದ್ದು, ರಾಜ್ಯೋತ್ಸವದ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂರುವವರಾಗಿದ್ದರೆ ಆ ಚೆಕ್ಕಿನ ಹಿಂದೆ ಬೇರೆ ಕಾಗದಪತ್ರ ಇರುವುದು ಅಪರೂಪ. ಕೈಸಾಲದ ಕಥೆಯೂ ಇದೇ. ಚೆಕ್ಕು ‘ಖಾತೆಯಲ್ಲಿ ಸಾಕಷ್ಟು ಹಣವಿಲ್ಲ’ ಎಂಬ ಚೀಟಿಯೊಂದಿಗೆ ಬ್ಯಾಂಕಿನಿಂದ ಮರಳಿದ ದಿನ ಮಾತ್ರ ಇಬ್ಬರಿಗೂ ಕಷ್ಟ ಶುರುವಾಗುತ್ತದೆ. ಹಣ ಬರಬೇಕಾದವರು ಕೇಳಲು ಸಂಕೋಚಪಡುತ್ತಾರೆ. ಕೊಡಬೇಕಾದವರು ಸಂಘದ ಕಾರ್ಯಕ್ರಮಗಳಿಗೆ ಬರುವುದನ್ನೇ ಬಿಡುತ್ತಾರೆ. ಕೊನೆಗೆ ವಿಷಯ ವಕೀಲರ ನೋಟಿಸಿಗೆ ಬಂದು ನಿಲ್ಲುತ್ತದೆ.

ಇಂಥ ವ್ಯಾಜ್ಯ ನ್ಯಾಯಾಲಯದಲ್ಲಿ ರಾಜಿಯಾಗುವಾಗ ಆರೋಪಿ ಕಟ್ಟಬೇಕಾದ ದಂಡದ ದರವನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 25ರಂದು ಇಳಿಸಿ ಸರಳಗೊಳಿಸಿದೆ. ಹೊಸ ಮಾರ್ಗಸೂಚಿಯನ್ನು ದೇಶದ ಎಲ್ಲ ಹೈಕೋರ್ಟುಗಳೂ ಜಿಲ್ಲಾ ನ್ಯಾಯಾಲಯಗಳೂ 2025ರ ನವೆಂಬರ್ 1ರೊಳಗೆ ಜಾರಿಗೆ ತರಬೇಕೆಂದೂ ಸೂಚಿಸಿತು. ರಾಜಿಗೆ ದಾರಿ ಸುಗಮವಾದದ್ದು ಸ್ವಾಗತಾರ್ಹವೇ. ಆದರೆ ಕಾದು ಕುಳಿತ ಸಾಲಿಗನಿಗೆ ಇದರಿಂದ ಏನು ಸಿಕ್ಕಿತು ಎಂಬುದನ್ನು ಲೆಕ್ಕ ಹಾಕಿ ನೋಡಬೇಕಾಗಿದೆ.

ಚೆಕ್ಕೇ ಏಕೆ?

ಸಣ್ಣ ಉತ್ಪಾದಕರಿಗೆ ಬಾಕಿ ವಸೂಲಿಗೆ 2006ರ ಎಂಎಸ್‌ಎಂಇ ಕಾಯ್ದೆಯ ಆಸರೆ ಇದೆ. ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಸಗಟು ಮತ್ತು ಚಿಲ್ಲರೆ ವರ್ತಕರನ್ನೂ 2021ರ ಜುಲೈನಲ್ಲಿ ಎಂಎಸ್‌ಎಂಇ ಪಟ್ಟಿಗೆ ಸೇರಿಸಲಾಯಿತಾದರೂ ಆ ಸೌಲಭ್ಯವನ್ನು ಬ್ಯಾಂಕುಗಳ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತಗೊಳಿಸಲಾಯಿತು. ಹೀಗಾಗಿ ಕೇವಲ ಕೊಂಡು ಮಾರುವ ವರ್ತಕನಿಗೂ, ಸ್ನೇಹಿತನಿಗೆ ಕೈಸಾಲ ಕೊಟ್ಟವನಿಗೂ ಉಳಿದಿರುವ ದಾರಿ ಎರಡೇ. ಒಂದು, ಸಿವಿಲ್ ದಾವಾ. ಇನ್ನೊಂದು, ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ.

1881ರ ಈ ಕಾಯ್ದೆಗೆ 138ನೇ ಕಲಂ ಸೇರಿ ಜಾರಿಗೆ ಬಂದದ್ದು 1989ರ ಏಪ್ರಿಲ್ 1ರಿಂದ. ತಪ್ಪು ಸಾಬೀತಾದರೆ ಎರಡು ವರ್ಷಗಳವರೆಗೆ ಸಜೆ, ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ಜುಲ್ಮಾನೆ, ಅಥವಾ ಎರಡೂ. 2002ರ ತಿದ್ದುಪಡಿಯಲ್ಲಿ ಇದನ್ನು ಉಭಯಪಕ್ಷಗಳು ರಾಜಿ ಮಾಡಿಕೊಳ್ಳಬಹುದಾದ ಅಪರಾಧವೆಂದು ಸ್ಪಷ್ಟಪಡಿಸಲಾಯಿತು. 2020ರಲ್ಲಿ ಇದನ್ನು ಕ್ರಿಮಿನಲ್ ಅಪರಾಧಗಳ ಪಟ್ಟಿಯಿಂದಲೇ ತೆಗೆಯುವ ಪ್ರಸ್ತಾಪವನ್ನು ಕೇಂದ್ರ ಹಣಕಾಸು ಸಚಿವಾಲಯ ಮುಂದಿಟ್ಟಾಗ ವರ್ತಕ ಸಂಘಟನೆಗಳು ವಿರೋಧಿಸಿದವು. ಪ್ರಸ್ತಾಪ ಮುಂದುವರಿಯಲಿಲ್ಲ.

ಕೇಸುಗಳ ರಾಶಿ ಮಾತ್ರ ಬೆಳೆಯುತ್ತಲೇ ಹೋಯಿತು. 2019ರ ಡಿಸೆಂಬರ್ ಅಂತ್ಯಕ್ಕೆ ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ ಚೆಕ್ ಪ್ರಕರಣಗಳೇ ಆಗಿದ್ದವು ಎಂಬ ಅಂಕಿಅಂಶ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು.

ಹಳೆಯ ದರ, ಹೊಸ ದರ

ರಾಜಿಯಾಗಬಹುದಾದ ಕೇಸುಗಳನ್ನು ಕೊನೆಯ ಮೆಟ್ಟಿಲಿನವರೆಗೆ ಎಳೆಯುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ ಒಂದು ದರಪಟ್ಟಿ ನಿಗದಿ ಮಾಡಿತ್ತು. ಮೊದಲ ಅಥವಾ ಎರಡನೆಯ ವಿಚಾರಣೆಯಲ್ಲೇ ರಾಜಿಗೆ ಅರ್ಜಿ ಹಾಕಿದರೆ ದಂಡವಿಲ್ಲ. ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ರಾಜಿಯಾದರೆ ಚೆಕ್ ಮೊತ್ತದ ಶೇ. 10. ಸೆಷನ್ಸ್ ನ್ಯಾಯಾಲಯ ಅಥವಾ ಹೈಕೋರ್ಟಿನಲ್ಲಾದರೆ ಶೇ. 15. ಸುಪ್ರೀಂ ಕೋರ್ಟಿನವರೆಗೆ ಹೋದರೆ ಶೇ. 20. ಕಾನೂನಿನ ಭಾಷೆಯಲ್ಲಿ ಇದು ಜುಲ್ಮಾನೆಯಲ್ಲ, ತಡವಾಗಿ ರಾಜಿಗೆ ಬಂದದ್ದಕ್ಕೆ ವಿಧಿಸುವ ವೆಚ್ಚ. ಕಟ್ಟುವವರ ಪಾಲಿಗೆ ದಂಡವೇ.

2025ರ ತೀರ್ಪು ಬಂದದ್ದು ಗೋವಾದ ಪ್ರಕರಣವೊಂದರಲ್ಲಿ. ಪರಿಚಯಸ್ಥರಿಬ್ಬರ ನಡುವಿನ 6 ಲಕ್ಷ ರೂಪಾಯಿ ಕೈಸಾಲ ಅದರ ಮೂಲ. ಸಹಿ ಮಾಡಿದ ಖಾಲಿ ಚೆಕ್ಕನ್ನು ಬೇರೆ ಉದ್ದೇಶಕ್ಕೆ ಕೊಟ್ಟಿದ್ದೆ ಎಂಬ ಆರೋಪಿಯ ವಾದವನ್ನು ನ್ಯಾಯಮೂರ್ತಿ ಮನಮೋಹನ್ ಮತ್ತು ನ್ಯಾಯಮೂರ್ತಿ ಎನ್.ವಿ. ಅಂಜಾರಿಯಾ ಅವರ ಪೀಠ ನಂಬಲಿಲ್ಲ. ಹೈಕೋರ್ಟ್ ನೀಡಿದ್ದ ಬಿಡುಗಡೆಯನ್ನು ರದ್ದುಪಡಿಸಿ ಹಣವನ್ನು ಕಂತುಗಳಲ್ಲಿ ಪಾವತಿಸುವಂತೆ ಆದೇಶಿಸಿತು. ಅದೇ ತೀರ್ಪಿನಲ್ಲಿ, ಬಡ್ಡಿ ದರಗಳು ಇಳಿದಿರುವುದನ್ನೂ ಕೇಸುಗಳು ಇನ್ನೂ ರಾಶಿ ಬಿದ್ದಿರುವುದನ್ನೂ ಗಮನಿಸಿ ಹಳೆಯ ದರಪಟ್ಟಿಯನ್ನು ಪರಿಷ್ಕರಿಸಿತು.

ಈಗಿನ ದರ ಹೀಗಿದೆ. ಆರೋಪಿ ತನ್ನ ಕಡೆಯ ಸಾಕ್ಷ್ಯ ದಾಖಲಾಗುವ ಮೊದಲು ಚೆಕ್ ಮೊತ್ತ ಕಟ್ಟಿದರೆ ದಂಡವಿಲ್ಲದೆ ರಾಜಿಗೆ ಅವಕಾಶ ಕೊಡಬಹುದು. ಸಾಕ್ಷ್ಯದ ನಂತರ, ತೀರ್ಪಿಗೆ ಮೊದಲು ಕಟ್ಟಿದರೆ ಶೇ. 5. ಸೆಷನ್ಸ್ ನ್ಯಾಯಾಲಯ ಅಥವಾ ಹೈಕೋರ್ಟಿನಲ್ಲಿ ಶೇ. 7.5. ಸುಪ್ರೀಂ ಕೋರ್ಟಿನಲ್ಲಿ ಶೇ. 10. ಅಂದರೆ ದರ ಎಲ್ಲ ಹಂತದಲ್ಲೂ ಅರ್ಧಕ್ಕೆ ಇಳಿದಿದೆ, ದಂಡವಿಲ್ಲದ ಅವಧಿ ದೊಡ್ಡದಾಗಿದೆ.

ಇದರ ಜೊತೆಗೆ ಇನ್ನೂ ಕೆಲವು ಅನುಕೂಲಗಳಿವೆ. ಆರೋಪಿ ಆರಂಭದಲ್ಲೇ ಹಣ ಕಟ್ಟಲು ಕ್ಯೂಆರ್ ಕೋಡ್ ಅಥವಾ ಯುಪಿಐ ಮೂಲಕ ಆನ್‌ಲೈನ್ ವ್ಯವಸ್ಥೆಯನ್ನು ಜಿಲ್ಲಾ ನ್ಯಾಯಾಧೀಶರು ಮಾಡಬೇಕು, ಆ ಅವಕಾಶವನ್ನು ಸಮನ್ಸಿನಲ್ಲೇ ಬರೆಯಬೇಕು. ಸಮನ್ಸನ್ನು ಇಮೇಲ್, ವಾಟ್ಸ್‌ಆ್ಯಪ್ ಮೂಲಕವೂ ತಲುಪಿಸಬಹುದು. ಚೆಕ್ಕು ನಿಮ್ಮದೇ, ಸಹಿ ನಿಮ್ಮದೇ, ಈ ಹಂತದಲ್ಲಿ ರಾಜಿಗೆ ಸಿದ್ಧರಿದ್ದೀರಾ ಎಂಬಂಥ ಪ್ರಶ್ನೆಗಳನ್ನು ಮ್ಯಾಜಿಸ್ಟ್ರೇಟರು ಆರಂಭದಲ್ಲೇ ಕೇಳಬಹುದು. ಸಮನ್ಸಿಗೂ ಮೊದಲು ಆರೋಪಿಯನ್ನು ಕರೆದು ಕೇಳುವ ಅಗತ್ಯ ಚೆಕ್ ಪ್ರಕರಣಗಳಲ್ಲಿ ಇಲ್ಲ ಎಂಬ ಕರ್ನಾಟಕ ಹೈಕೋರ್ಟಿನ ಅಭಿಪ್ರಾಯವನ್ನು ಸುಪ್ರೀಂ ಕೋರ್ಟ್ ಇದೇ ತೀರ್ಪಿನಲ್ಲಿ ಒಪ್ಪಿಕೊಂಡಿರುವುದು ಕನ್ನಡಿಗರಿಗೆ ಗಮನಾರ್ಹ.

ಎರಡು ಲಕ್ಷದ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ವಿಶಾಖಪಟ್ಟಣದ ಹೋಟೆಲ್ ಮಾಲೀಕರೊಬ್ಬರು ವಿಜಯವಾಡದ ವರ್ತಕರಿಗೆ ಕೊಟ್ಟ 2 ಲಕ್ಷ ರೂಪಾಯಿ ಚೆಕ್ ಬೌನ್ಸ್ ಆಗಿದೆ, ಕೇಸು ಮೂರು ವರ್ಷ ನಡೆದಿದೆ, ಆರೋಪಿಯ ಸಾಕ್ಷ್ಯ ಇನ್ನೂ ಆಗಿಲ್ಲ ಎಂದಿಟ್ಟುಕೊಳ್ಳಿ. ಹಳೆಯ ಪಟ್ಟಿಯ ಪ್ರಕಾರ ಈ ಹಂತದಲ್ಲಿ ರಾಜಿಯಾದರೆ 20,000 ರೂ. ದಂಡ. ಹೊಸ ಪಟ್ಟಿಯ ಪ್ರಕಾರ ಏನೂ ಇಲ್ಲ. ಸಾಕ್ಷ್ಯ ಮುಗಿದ ಮೇಲಾದರೆ 10,000 ರೂ. ಹೈಕೋರ್ಟಿನಲ್ಲಾದರೆ 30,000ದ ಬದಲು 15,000 ರೂ.

ಇಲ್ಲಿ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ಈ ದಂಡ ಹಳೆಯ ಪಟ್ಟಿಯಲ್ಲೂ ಸಾಲ ಕೊಟ್ಟವರ ಕೈಗೆ ಬರುತ್ತಿರಲಿಲ್ಲ, ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುತ್ತಿತ್ತು. ಈಗಲೂ ಅದು ವರ್ತಕರ ಗಲ್ಲಾಪೆಟ್ಟಿಗೆಗೆ ಬರುವುದಿಲ್ಲ. ಆದ್ದರಿಂದ ದಂಡ ಇಳಿದದ್ದರಿಂದ ಸಾಲಿಗನಿಗೆ ನೇರ ನಷ್ಟವಿಲ್ಲ. ಮೂರನೆಯವರಿಗೆ ಹೋಗುತ್ತಿದ್ದ ಹಣ ಉಳಿದರೆ ಆರೋಪಿಗೆ ಅಸಲು ಕಟ್ಟಲು ಅಷ್ಟಾದರೂ ಹಗುರವಾಗುತ್ತದೆ.

ಆದರೆ ಮೂರು ವರ್ಷದ ಬಡ್ಡಿ? 2 ಲಕ್ಷಕ್ಕೆ ವರ್ಷಕ್ಕೆ ಶೇ. 9ರಂತೆ ಸರಳ ಬಡ್ಡಿ ಹಾಕಿದರೂ ಮೂರು ವರ್ಷಕ್ಕೆ 54,000 ರೂ. ಆಗುತ್ತದೆ. ಈ ಶೇ. 9 ಎಂಬುದು ಊಹೆಯ ದರವಲ್ಲ. ಶಿಕ್ಷೆ ವಿಧಿಸುವಾಗ ಚೆಕ್ ಮೊತ್ತದ ಜೊತೆಗೆ ವಾರ್ಷಿಕ ಶೇ. 9ರ ಸರಳ ಬಡ್ಡಿಯನ್ನು ನಷ್ಟದ ಅಳತೆಯಾಗಿ ಇಟ್ಟುಕೊಂಡು ದೂರುದಾರರಿಗೆ ಪರಿಹಾರ ಕೊಡಿಸಬೇಕೆಂದು ಸುಪ್ರೀಂ ಕೋರ್ಟೇ 2011ರಲ್ಲಿ ಹೇಳಿತ್ತು. ಕೇಸು ಗೆದ್ದ ಸಾಲಿಗನಿಗೆ ಈ ಅಳತೆ ಉಂಟು. ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ನಡುದಾರಿಯಲ್ಲಿ ರಾಜಿಗೆ ಒಪ್ಪಿದ ಸಾಲಿಗನಿಗೆ ರಾಜಿಯ ದರಪಟ್ಟಿಯಲ್ಲಿ ಅಂಥ ಸಾಲು ಇಲ್ಲ. ಸಾಕ್ಷ್ಯದ ಹಂತದವರೆಗೆ ಸುಮ್ಮನಿದ್ದು ಕೊನೆಗೆ ಅಸಲನ್ನಷ್ಟೇ ಕಟ್ಟುವವರಿಗೆ ಅದು ಬಡ್ಡಿಯಿಲ್ಲದ ಸಾಲವಾಗಿ ಪರಿಣಮಿಸುವ ಸಂಭವವಿದೆ. ದಂಡದ ಪಟ್ಟಿ ಸರಳವಾಯಿತಾದರೂ ತಡ ಮಾಡಿದ್ದರ ಬೆಲೆಯನ್ನು ಉಭಯಪಕ್ಷದವರೇ ಮಾತಾಡಿ ಗೊತ್ತುಮಾಡಿಕೊಳ್ಳಬೇಕಾಗಿ ಬಂದಿದೆ.

ಸಾಲಿಗನ ಕೈ ಪೂರ್ತಿ ಬರಿದಾಗಿಲ್ಲ. ರಾಜಿಗೆ ದೂರುದಾರನ ಒಪ್ಪಿಗೆ ಬೇಕೇ ಬೇಕು. 2018ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆರೋಪಿ ತಪ್ಪೊಪ್ಪಿಕೊಳ್ಳದಿದ್ದರೆ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವಂತೆ ಕೇಳಬಹುದು. ಮೇಲಿನ ಉದಾಹರಣೆಯಲ್ಲಿ ಅದು 40,000 ರೂ. ವರೆಗೆ ಆಗುತ್ತದೆ. ಇದು ಮ್ಯಾಜಿಸ್ಟ್ರೇಟರ ವಿವೇಚನೆಗೆ ಬಿಟ್ಟದ್ದು, ಕೇಳಿದ ಕೂಡಲೇ ಸಿಗುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ತಿಳಿಸಿದೆ. ಆರೋಪಿ ಬಿಡುಗಡೆಯಾದರೆ ಆ ಹಣವನ್ನು ಬಡ್ಡಿಯೊಂದಿಗೆ ಹಿಂದಿರುಗಿಸಬೇಕು ಎಂಬುದೂ ನೆನಪಿರಲಿ.

ಹಟ ಹಿಡಿಯುವವರಿಗೂ 2025ರ ತೀರ್ಪಿನಲ್ಲಿ ಒಂದು ಎಚ್ಚರಿಕೆ ಇದೆ. ದೂರುದಾರರು ಚೆಕ್ ಮೊತ್ತಕ್ಕಿಂತ ಹೆಚ್ಚಿನದನ್ನೋ ಬೇರೆ ಬಾಕಿಯನ್ನೋ ಕೇಳಿದರೆ, ತಪ್ಪೊಪ್ಪಿಕೊಳ್ಳುವಂತೆ ಮ್ಯಾಜಿಸ್ಟ್ರೇಟರು ಆರೋಪಿಗೆ ಸೂಚಿಸಬಹುದು, ಸನ್ನಡತೆಯ ಮೇಲೆ ಬಿಡುವ 1958ರ ಕಾಯ್ದೆಯ ಪ್ರಯೋಜನವನ್ನೂ ಕೊಡಬಹುದು. ಆದ್ದರಿಂದ ಶೇ. 9ರಂಥ ನ್ಯಾಯವಾದ ಬಡ್ಡಿಯ ಮಾತು ಬೇರೆ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಪಟ್ಟು ಬೇರೆ.

ಕೇಸು ಯಾವ ಊರಿನಲ್ಲಿ?

ವಿಜಯವಾಡಕ್ಕೂ ವಿಶಾಖಪಟ್ಟಣಕ್ಕೂ ರೈಲಿನಲ್ಲಿ ಸುಮಾರು 350 ಕಿ.ಮೀ. ದೂರ. ಹಣ ಪಡೆಯಬೇಕಾದವರ ಖಾತೆ ಇರುವ ಶಾಖೆ ಯಾವ ನ್ಯಾಯಾಲಯದ ವ್ಯಾಪ್ತಿಗೆ ಸೇರುತ್ತದೋ ಅಲ್ಲೇ ಕೇಸು ಎಂದು 2015ರ ತಿದ್ದುಪಡಿ ಹೇಳುತ್ತದೆ. ಮೇಲಿನ ಉದಾಹರಣೆಯಲ್ಲಿ ಕೇಸು ವಿಜಯವಾಡದಲ್ಲಿ. ಹೋಟೆಲ್ ಮಾಲೀಕರು ಪ್ರತಿ ವಾಯಿದೆಗೂ ಗಲ್ಲಾ ಬಿಟ್ಟು ಒಂದು ರಾತ್ರಿಯ ಪ್ರಯಾಣ ಮಾಡಬೇಕು. ಸಾಲಿಗರ ಖಾತೆ ಕುಂದಾಪುರದಲ್ಲೋ ಬಳ್ಳಾರಿಯಲ್ಲೋ ಇದ್ದರೆ ಅಲ್ಲಿಗೇ ಹೋಗಬೇಕು. ಹಲವು ವಾಯಿದೆಗಳ ಓಡಾಟ, ವಕೀಲರ ಫೀಸು, ಮುಚ್ಚಿದ ಅಂಗಡಿಯ ನಷ್ಟ ಸೇರಿದರೆ ಉಳಿದ ದಂಡಕ್ಕಿಂತ ಖರ್ಚೇ ಮಿಗಿಲಾಗುತ್ತದೆ. ಸಮನ್ಸಿನಲ್ಲೇ ಬರುವ ಆನ್‌ಲೈನ್ ಪಾವತಿಯ ಅವಕಾಶವನ್ನು ಮೊದಲ ದಿನವೇ ಬಳಸಿಕೊಳ್ಳುವುದರಲ್ಲಿ ಜಾಣತನವಿದೆ.

ದಾಕ್ಷಿಣ್ಯ ಗಡುವು ಕಾಯುವುದಿಲ್ಲ

ಪರಿಚಯಸ್ಥರ ವ್ಯವಹಾರದಲ್ಲಿ ಹಣ ಮುಳುಗುವುದಕ್ಕೆ ಒಂದು ದೊಡ್ಡ ಕಾರಣ, ಮಾತುಕತೆಯಲ್ಲೇ ದಿನ ಕಳೆದುಹೋಗುವುದು. ಕಾನೂನಿನ ಗಡುವುಗಳು ಕಟ್ಟುನಿಟ್ಟು. ಚೆಕ್ಕನ್ನು ಅದರ ಮೇಲಿನ ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಅಮಾನ್ಯವಾದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ 15 ದಿನಗಳೊಳಗೆ ಹಣ ಬರದಿದ್ದರೆ, ಆ ನಂತರದ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು ಕೊಡಬೇಕು. ದೂರು ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಣೆ ಕೇಳಬಹುದು. ನೋಟಿಸ್ ತಡವಾದರೆ ಅಂಥ ದಾರಿಯಿಲ್ಲ. ಚೆಕ್ಕಿನ ಮೂರು ತಿಂಗಳ ಅವಧಿ ಇನ್ನೂ ಮುಗಿಯದಿದ್ದರೆ ಅದನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕಬಹುದು ಎಂಬುದೊಂದೇ ಸಮಾಧಾನ.

ನೋಟಿಸಿನಲ್ಲಿ ಬರೆದ ಮೊತ್ತ ಚೆಕ್ಕಿನ ಮೊತ್ತಕ್ಕೆ ಸರಿಯಾಗಿ ತಾಳೆಯಾಗಬೇಕು. ಬೆರಳಚ್ಚಿನ ತಪ್ಪಾದರೂ ನೋಟಿಸ್ ಸಿಂಧುವಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲೇ ಇನ್ನೊಂದು ಪ್ರಕರಣದಲ್ಲಿ ತೀರ್ಪು ನೀಡಿದೆ. ಬಡ್ಡಿ, ಖರ್ಚು ಕೇಳುವುದಿದ್ದರೆ ಚೆಕ್ ಮೊತ್ತವನ್ನು ಬೇರೆಯಾಗಿ, ಸ್ಪಷ್ಟವಾಗಿ ಕಾಣಿಸಬೇಕು.

ಚೆಕ್ ಕೊಡುವವರೂ ಒಂದು ಬದಲಾವಣೆ ಗಮನಿಸಬೇಕು. 2025ರ ಅಕ್ಟೋಬರ್ 4ರಿಂದ ಚೆಕ್ ಕ್ಲಿಯರಿಂಗ್ ಕಂತುಕಂತಾಗಿ ನಡೆಯದೆ ದಿನವಿಡೀ ಸತತವಾಗಿ ನಡೆಯುತ್ತಿದೆ. ಬೆಳಿಗ್ಗೆ ಹಾಕಿದ ಚೆಕ್ಕಿನ ಹಣೆಬರಹ ಅಂದೇ ಸಂಜೆಯೊಳಗೆ ತಿಳಿಯುತ್ತದೆ. ‘ಇವತ್ತು ಚೆಕ್ ಕೊಟ್ಟರೆ ಪಾಸಾಗಲು ಎರಡು ದಿನ, ಅಷ್ಟರಲ್ಲಿ ಹಣ ಹೊಂದಿಸಿದರಾಯಿತು’ ಎಂಬ ಹಳೆಯ ರೂಢಿ ಇನ್ನು ನಡೆಯುವುದಿಲ್ಲ.

ಭದ್ರತೆಯ ಚೆಕ್

ಕೈಸಾಲಕ್ಕೆ ಭದ್ರತೆಯಾಗಿ ಸಹಿ ಮಾಡಿದ ಖಾಲಿ ಚೆಕ್ ಕೊಡುವ ಪದ್ಧತಿ ಎಲ್ಲೆಡೆ ಇದೆ. ಸಹಿ ಒಪ್ಪಿಕೊಂಡ ಮೇಲೆ ‘ಖಾಲಿ ಚೆಕ್ ಕೊಟ್ಟಿದ್ದೆ’ ಎಂಬ ಮಾತೊಂದರಿಂದ ಪಾರಾಗಲು ಸಾಧ್ಯವಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸಾಲವೇ ಇರಲಿಲ್ಲ ಎಂದು ತೋರಿಸುವ ಹೊಣೆ ಸಹಿ ಮಾಡಿದವರದು. ಇದಕ್ಕೆ ಬುನಾದಿಯಾದ 2010ರ ತೀರ್ಪು ಕರ್ನಾಟಕದಿಂದಲೇ ಹೋದ 45,000 ರೂ. ಕೈಸಾಲದ ಪ್ರಕರಣವಾಗಿತ್ತು.

ಪಡೆದವರಿಗೂ ಒಂದು ಮಿತಿಯಿದೆ. 2 ಲಕ್ಷದಲ್ಲಿ 50,000 ರೂ. ಈಗಾಗಲೇ ಬಂದಿದ್ದರೆ, ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ 2 ಲಕ್ಷಕ್ಕೆ ಹಾಕಿದ ಚೆಕ್ ಬೌನ್ಸ್ ಆದರೂ 138ನೇ ಕಲಂ ಅನ್ವಯಿಸುವುದಿಲ್ಲ. 2022ರ ಈ ತೀರ್ಪು ತಿಳಿಯದೆ, ಬಂದ ಹಣವನ್ನು ಜಮೆ ತೋರಿಸದವರು ನ್ಯಾಯವಾದ ಬಾಕಿಯ ಕೇಸನ್ನೂ ಸೋಲುತ್ತಾರೆ.

ಕನ್ನಡಿಗರ ಮನೆಗಳಲ್ಲಿ ಕಾರ್ಪೊರೇಶನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ವಿಜಯಾ ಬ್ಯಾಂಕ್ ಹೆಸರಿನ ಹಳೆಯ ಚೆಕ್ಕುಗಳು ಇನ್ನೂ ಬೀರುವಿನಲ್ಲಿ ಇರಬಹುದು. ಈ ಬ್ಯಾಂಕುಗಳು 2019 ಮತ್ತು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ, ಹಳೆಯ ಚೆಕ್ ಹಾಳೆಗಳು 2021ರ ವೇಳೆಗೆ ಅಸಿಂಧುವಾದವು. ಅಂಥ ಹಾಳೆಯನ್ನು ಭದ್ರತೆಯೆಂದು ಇಟ್ಟುಕೊಂಡವರ ಕೈಯಲ್ಲಿ ಇರುವುದು ಬರೀ ಕಾಗದ.

ಸಂಘಗಳು ಏನು ಮಾಡಬಹುದು?

ಹೊರನಾಡಿನ ಕನ್ನಡ ಸಂಘ ನ್ಯಾಯಾಲಯವಲ್ಲ. ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. ಬಾಕಿದಾರರ ಹೆಸರನ್ನು ಸಭೆಯಲ್ಲಿ ಎತ್ತುವುದರಿಂದ ಒಂದು ಕುಟುಂಬ ಸಂಘದಿಂದ ದೂರವಾಗುತ್ತದೆಯೇ ಹೊರತು ಹಣ ಬರುವುದಿಲ್ಲ. ಆದರೆ ಇಬ್ಬರೂ ಗೌರವಿಸುವ ಹಿರಿಯರು ಒಂದು ಕೋಣೆಯಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸಬಹುದು. ಅದಕ್ಕೆ ತಕ್ಕ ಸಮಯ ನೋಟಿಸಿನ 30 ದಿನಗಳ ಒಳಗಿನದು. ಮಾತುಕತೆ ನಡೆಯುತ್ತಿರುವಾಗಲೂ ನೋಟಿಸ್ ಕಳಿಸುವುದನ್ನು ನಿಲ್ಲಿಸಬಾರದು. ನೋಟಿಸ್ ಕಳಿಸಿದ್ದಕ್ಕೆ ಮುನಿಸಿಕೊಳ್ಳುವುದೂ ಸರಿಯಲ್ಲ. ಅದು ಸಾಲಿಗ ತನ್ನ ಹಕ್ಕನ್ನು ಜೀವಂತ ಇಟ್ಟುಕೊಳ್ಳುವ ಕ್ರಮ ಮಾತ್ರ.

ಒಪ್ಪಂದವಾದರೆ ಅದರಲ್ಲಿ ನಾಲ್ಕು ಸಂಗತಿ ಬರೆದಿರಬೇಕು: ಅಸಲು ಎಷ್ಟು, ಕಂತು ಎಷ್ಟು, ತಡವಾದದ್ದಕ್ಕೆ ಬಡ್ಡಿ ಎಷ್ಟು, ಹಳೆಯ ಚೆಕ್ ಯಾವಾಗ ವಾಪಸು. ಬಡ್ಡಿಗೆ ಶೇ. 9ರ ಅಳತೆ ಕಣ್ಣ ಮುಂದಿದೆ. ಆಂಧ್ರದಲ್ಲಿ ದಶಕಗಳಿಂದ ಇರುವವರಿಗೂ ತೆಲುಗು ಮಾತು ಸಲೀಸಾದರೂ ಕಾನೂನಿನ ತೆಲುಗು ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟವಾಗಬಹುದು. ಕಾಗದವನ್ನು ಓದಿಸಿ, ಅರ್ಥ ತಿಳಿದುಕೊಂಡ ಮೇಲೆಯೇ ಸಹಿ ಹಾಕಬೇಕು.

ಈ ಒಪ್ಪಂದವನ್ನು ಲೋಕ ಅದಾಲತ್‌ನಲ್ಲಿ ದಾಖಲಿಸುವುದು ಇನ್ನೂ ಭದ್ರ. ಕೇಸು ಹಾಕುವ ಮೊದಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಅಲ್ಲಿಗೆ ಹೋಗಬಹುದು. ಅಲ್ಲಿನ ಐತೀರ್ಪಿಗೆ ಸಿವಿಲ್ ಡಿಕ್ರಿಯ ಬೆಲೆಯಿದೆ, ಅದರ ಮೇಲೆ ಅಪೀಲು ಇಲ್ಲ. ಕಂತು ತಪ್ಪಿದರೆ ಹೊಸ ಕೇಸಿನ ಬದಲು ನೇರವಾಗಿ ಜಾರಿ ಅರ್ಜಿ ಹಾಕಬಹುದು. ಮಹಿಳೆಯರಿಗೂ, ನಿಗದಿತ ಆದಾಯದ ಮಿತಿಯೊಳಗಿನವರಿಗೂ ಪ್ರಾಧಿಕಾರದಿಂದ ಉಚಿತ ವಕೀಲರ ನೆರವಿದೆ. ರಾಷ್ಟ್ರೀಯ ಕಾನೂನು ನೆರವಿನ ದೂರವಾಣಿ ಸಂಖ್ಯೆ 15100.

ನೆಂಟಸ್ತಿಕೆ ಬೇರೆ, ಲೇವಾದೇವಿ ಬೇರೆ ಎಂಬ ಮಾತು ಹಿರಿಯರಿಂದ ಕೇಳಿ ಬಂದದ್ದು. ಹೊರನಾಡಿನಲ್ಲಿ ಎರಡೂ ಒಂದೇ ಮನೆಯ ಬಾಗಿಲಿನಿಂದ ಒಳಗೆ ಬರುತ್ತವೆ, ಬೇರ್ಪಡಿಸುವುದು ಸುಲಭವಲ್ಲ. ದಂಡ ಇಳಿದ ಈ ಹೊಸ ವ್ಯವಸ್ಥೆ ಬಾಕಿದಾರರಿಗೆ ಮಾನ ಉಳಿಸಿಕೊಂಡು ಹಣ ಕಟ್ಟುವ ದಾರಿ ತೋರಿಸಿದೆ. ಆ ಅನುಕೂಲ ಪಡೆದವರು ಕಾದವರ ಬಡ್ಡಿಯನ್ನೂ ತಾವಾಗಿಯೇ ಸೇರಿಸಿ ಕೊಟ್ಟರೆ, ಮುಂದಿನ ರಾಜ್ಯೋತ್ಸವದ ಪಂಕ್ತಿಯಲ್ಲಿ ಇಬ್ಬರೂ ಮತ್ತೆ ಅಕ್ಕಪಕ್ಕ ಕೂರಲು ಅಡ್ಡಿಯಿರುವುದಿಲ್ಲ.